ಅಕ್ಕೋರ ಕಿವಿಯಾಗಿದ್ದ ಸಂಜೆಗಳು

ಅಕ್ಕೋರ ಎಡಗಿವಿಯ ಮೇಲೆ ಯಾವಾಗಲೂ ಒಂದು ಕೆಂಪು ಪೆನ್ನು ಕೂತಿರುತ್ತಿತ್ತು. ತಿದ್ದಲು ಎದುರಿಗೆ ಒಂದು ನೋಟ್‌ಬುಕ್ಕೂ ಇಲ್ಲ, ಕಲಿಯುವವರೆಲ್ಲ ಲ್ಯಾಪ್‌ಟಾಪಿನ ಒಳಗೆ. ಆದರೂ ಪೆನ್ನು ಇಳಿಯುತ್ತಿರಲಿಲ್ಲ. ಅದರ ಪಕ್ಕದಲ್ಲೇ ದಪ್ಪ ಕನ್ನಡಕದ ಕಡ್ಡಿ, ಅದರ ಮೇಲೆ ಜಾರಿದ ಬಿಳಿಗೂದಲು. ಅಷ್ಟೆಲ್ಲ ಹೊತ್ತುಕೊಂಡಿದ್ದ ಆ ಕಿವಿಗೆ ಕೇಳಿಸಿಕೊಳ್ಳುವುದೊಂದು ಬಿಟ್ಟು ಬೇರೆಲ್ಲ ಕೆಲಸವಿದೆ ಎಂದು ನನಗೆ ತಿಳಿದದ್ದು ತಡವಾಗಿ.

ನಮ್ಮ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತೇವೆ. ಸಿದ್ದಾಪುರದ ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಅವರು ಶಿರಸಿಯಲ್ಲಿ ನಮ್ಮ ಮಹಡಿಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಬಂದರು. ಒಂಟಿ ಜೀವ. ಕೆಳಗೆ ನನ್ನ ಹೊಲಿಗೆ ಅಂಗಡಿ. ನನ್ನ ಗಂಡ ಹುಬ್ಬಳ್ಳಿ ದಾರಿಯಲ್ಲಿ ಲಾರಿ ಓಡಿಸುತ್ತಾರೆ. ನಾನು ಯಲ್ಲಾಪುರದವಳು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಹೋಯಿತು, ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಆಮೇಲೆ ಆ ಭಾಷೆಗೆ ದೂರದಿಂದಲೇ ಒಂದು ಸಲಾಂ ಹೊಡೆದು ಮಶಿನ್ ತುಳಿಯಲು ಕೂತವಳು.

ಅಕ್ಕೋರದು ಸುಮ್ಮನೆ ಕೂರುವ ಜಾಯಮಾನವಲ್ಲ. ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುವ ಕಡೆಯೊಂದರಲ್ಲಿ ಹೆಸರು ಕೊಟ್ಟರು. ಅವರ ಪಾಲಿಗೆ ಬಂದವರು ಸ್ಪ್ಯಾನಿಷ್ ಮಾತಾಡುವ ನಾಲ್ಕೈದು ಜನ. ಅವರಲ್ಲಿ ಅಚ್ಚುಮೆಚ್ಚಿನವಳು ಪೆರು ದೇಶದ ಒಬ್ಬ ಹುಡುಗಿ. ಹೋಟೆಲೊಂದರಲ್ಲಿ ಹಾಸಿಗೆ ಹಾಸುವ ಕೆಲಸ ಅವಳದು. ಇಂಗ್ಲಿಷಿನಲ್ಲಿ ನಡೆಯುವ ಇಂಟರ್‌ವ್ಯೂ ದಾಟಿದರೆ ಬಂದವರನ್ನು ವಿಚಾರಿಸಿಕೊಳ್ಳುವ ಮುಂಬಾಗಿಲ ಕೌಂಟರಿನ ಕೆಲಸ ಸಿಗುತ್ತಿತ್ತು. ಕೌಂಟರಿನಲ್ಲಿ ನಿಂತವರಿಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ಕೆಲಸವಲ್ಲವೇ? ಹಾಗಾಗಿ ಅಕ್ಕೋರು ‘ರಿಪೋರ್ಟೆಡ್ ಸ್ಪೀಚ್’ ಪಾಠ ಹಿಡಿದು ಕೂತರು. ನಮಗೆ ದೀಪ ಹಚ್ಚುವ ಹೊತ್ತು, ಅವಳಿಗೆ ಬೆಳಗಿನ ತಿಂಡಿಯ ಹೊತ್ತು. ಮಿಂದ ಒದ್ದೆ ಕೂದಲಲ್ಲೇ ಬಂದು ಕೂರುತ್ತಿದ್ದಳು.

ಒಂದು ಸಂಜೆ ಹೊಲಿದ ರವಿಕೆ ಕೊಡಲು ಮೇಲೆ ಹೋದ ನನ್ನನ್ನು ಅಕ್ಕೋರು ಪಕ್ಕದಲ್ಲೇ ಕೂರಿಸಿಕೊಂಡರು. ಹುಡುಗಿ ಏನೋ ಹೇಳಿದಳು. ಅಕ್ಕೋರು ನನ್ನ ಕಡೆ ತಿರುಗಿ, “ಎಂತ ಹೇಳಿದ್ಲೇ ಅವಳು?” ಎಂದರು.

“ನಂಗೆಂತ ಗೊತ್ತು ಅಕ್ಕೋರೇ, ನಂಗೆ ಇಂಗ್ಲಿಷ್ ಬರೂದಿಲ್ಲ.”

“ಬರೂದಿಲ್ಲ ಅಂತ ಯಾರು ಕೇಳಿದ್ರು? ಕಿವಿಗೆ ಬಿದ್ದಷ್ಟು ಹೇಳು.”

ಕಿವಿಗೆ ಬಿದ್ದದ್ದನ್ನು ತೊದಲಿದೆ. ಆಮೇಲೆ ಆಗಾಗ ಕರೆದು ಹೀಗೇ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ನಾವು ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಇದ್ದಹಾಗೇ ಎತ್ತಿಕೊಂಡು ಬಂದು ಕೊನೆಗೊಂದು ‘ಅಂದಳು’ ಅಂಟಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಆ್ಯಮ್ ಹೋಗಿ ವಾಸ್ ಆಗಬೇಕು, ವಿಲ್ ಹೋಗಿ ವುಡ್ ಆಗಬೇಕು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆ ಹುಡುಗಿಗೆ ಅದು ನೀರು ಕುಡಿದಷ್ಟು ಸುಲಭ, ಅವಳ ಭಾಷೆಯಲ್ಲೂ ಹಾಗೇ ಹಿಂದೆ ಸರಿಯುತ್ತದಂತೆ. ಆದರೆ ‘ಶೀ ಸೆಡ್ ಮಿ’ ಎಂಬ ತಪ್ಪನ್ನು ನಾವಿಬ್ಬರೂ ಒಟ್ಟಿಗೇ ಮಾಡುತ್ತಿದ್ದೆವು. ಸೇ ಮತ್ತು ಟೆಲ್ ಎರಡಕ್ಕೂ ನಮ್ಮಲ್ಲಿ ‘ಹೇಳು’ ಒಂದೇ ಇದ್ದಹಾಗೆ ಅವರಲ್ಲೂ ಒಂದೇ ಪದವಂತೆ. “ಎಲ್ಲಿಯ ಪೆರು, ಎಲ್ಲಿಯ ಯಲ್ಲಾಪುರ! ಅಕ್ಕ ತಂಗಿ ಕಣ್ರೇ ನೀವು,” ಎಂದು ಅಕ್ಕೋರು ನಗುತ್ತಿದ್ದರು.

ಇದೆಲ್ಲ ನನಗೆ ಇಂಗ್ಲಿಷ್ ಕಲಿಸುವ ಉಪಾಯ ಎಂದೇ ತಿಳಿದಿದ್ದೆ. ಒಂದು ದಿನ ಕೆಳಗಿನ ಅಂಗಡಿಗೆ ಸೀದ ವಾಸನೆ ಬಂತು. ಓಡಿ ಮೇಲೆ ಹೋದರೆ ಕುಕ್ಕರ್ ಕೂಗಿ ಕೂಗಿ ಕರಕಲಾಗಿದೆ, ಅಕ್ಕೋರು ನಾಲ್ಕು ಮಾರು ದೂರದಲ್ಲಿ ನೆಮ್ಮದಿಯಾಗಿ ಪುಸ್ತಕ ಓದುತ್ತಿದ್ದಾರೆ. ನನ್ನ ಮುಖ ನೋಡಿದ್ದೇ ಅವರಿಗೆ ಅರ್ಥವಾಯಿತು.

“ಕಿವಿ ಹೋಯ್ತಾ ಉಂಟು ತಂಗಿ. ಹತ್ರ ಕೂತು ಮಾತಾಡಿದ್ರೆ ತಿಳೀತದೆ. ಕಿವಿಗೆ ಮಶಿನ್ ಹಾಕ್ಕೊಂಡ್ರೂ ಲ್ಯಾಪ್‌ಟಾಪಿಂದ ಬರೀ ಗುಂಯ್ ಅಂತದೆ. ಕ್ಲಾಸು ಬಿಡೂದೇ ಸೈ.” ಆಮೇಲೆ, ನನ್ನ ಜೊತೆ ಎಂದೂ ಆಡದ ಅವರ ಮನೆಮಾತಿನಲ್ಲಿ ತಮ್ಮಷ್ಟಕ್ಕೇ, “ಕ್ಲಾಸು ಬಿಟ್ಟು ಆನು ಎಂತ ಮಾಡವು?” ಎಂದರು. ನಾನಿನ್ನು ಏನು ಮಾಡಲಿ ಎನ್ನುವಾಗ ಅಷ್ಟು ಗಟ್ಟಿ ಹೆಂಗಸಿನ ದನಿ ಇಳಿದುಹೋಗಿತ್ತು.

ಮರುಸಂಜೆ ಅಕ್ಕೋರು ಕ್ಲಾಸಿನವರಿಗೆಲ್ಲ ನೇರವಾಗಿ ಹೇಳಿಬಿಟ್ಟರು: ನನಗೆ ಕೇಳಿಸುವುದಿಲ್ಲ, ಬೇರೆ ಟೀಚರ್ ನೋಡಿಕೊಳ್ಳಿ. ತೆರೆಯ ಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಅಕ್ಕೋರು ಏನೂ ತಿಳಿಯದೆ ನನ್ನ ಮುಖ ನೋಡಿದರು. ಅವರಿಗೆ ಆ ಉತ್ತರ ಮುಟ್ಟಿಸಲು ಆ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ.

“ದೆ ಸೆಡ್... ದೆ ವುಡ್ ಸ್ಪೀಕ್ ಸ್ಲೋಲಿ. ದೆ ಸೆಡ್ ದೆ ಡಿಡ್ ನಾಟ್ ವಾಂಟ್ ಅನದರ್ ಟೀಚರ್. ಆ ಹುಡುಗಿ... ಶೀ ಸೆಡ್ ಮಿ...”

“ಟೋಲ್ಡ್ ಮಿ,” ಎಂದರು ಅಕ್ಕೋರು. ಕಣ್ಣು ತುಂಬಿತ್ತು, ಆದರೂ ತಿದ್ದುವುದು ಬಿಡಲಿಲ್ಲ.

“ಶೀ ಟೋಲ್ಡ್ ಮಿ ಟು ಸಿಟ್ ಹಿಯರ್ ಎವ್ರಿ ಡೇ.”

ಅಂದಿನಿಂದ ಸಂಜೆಯಾದರೆ ಅಂಗಡಿಗೆ ಬಾಗಿಲು. ಗಿರಾಕಿಗಳು ಗೊಣಗಿದರು, ನಾನು ಕೇರ್ ಮಾಡಲಿಲ್ಲ.

ಇಂಟರ್‌ವ್ಯೂ ಇದ್ದ ವಾರವೇ ಅಕ್ಕೋರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಮಲಗಿದಲ್ಲಿಂದಲೇ ಅಪ್ಪಣೆಯಾಯಿತು. “ಕ್ಲಾಸು ತಪ್ಸಬೇಡ. ಅವಳ ಇಂಟರ್‌ವ್ಯೂ ಎಂತಾಯ್ತು ಕೇಳ್ಕೊಂಡು ಬಾ.” ಮೊದಲ ಬಾರಿ ಒಬ್ಬಳೇ ಲ್ಯಾಪ್‌ಟಾಪ್ ತೆರೆದು ಕೂತೆ. ಕ್ಲಾಸು ಮುಗಿದದ್ದೇ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲವಲ್ಲ, ವಾರ್ಡಿನ ನಡುವೆ ನಿಂತು ಕೂಗಿದೆ: “ಶೀ ಸೆಡ್ ಶೀ ಹ್ಯಾಡ್ ಗಾಟ್ ದ ಜಾಬ್!” ನರ್ಸ್ ಗದರಿದಳು. ಪಕ್ಕದ ಹಾಸಿಗೆಯ ಅಜ್ಜ ಎದ್ದು ಕೂತ.

ಅಕ್ಕೋರು ಕಣ್ಣು ಮುಚ್ಚಿ ತೆರೆದರು. “ನಗ್ತಾ ಹೇಳಿದ್ಲಾ, ಅಳ್ತಾ ಹೇಳಿದ್ಲಾ?”

“ಎರಡೂ ಅಕ್ಕೋರೇ.”

“ಹಾಂ. ಈಗ ಪೂರ್ತಿ ಹೇಳಿದ ಹಾಗಾಯ್ತು,” ಎಂದು ನನ್ನ ಕೈ ಹಿಡಿದುಕೊಂಡರು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ಅವರ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದು ಅಂಗಳದಲ್ಲಿ ಸೇರಿದ್ದರು. ನೀವು ಯಾವ ವರ್ಷ, ನಾವು ಯಾವ ವರ್ಷ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಒಬ್ಬರು ನನ್ನನ್ನೂ ಕೇಳಿದರು: “ನಿಮ್ದು ಯಾವ ಬ್ಯಾಚು?”

“ಕಡೇ ಬ್ಯಾಚು,” ಎಂದೆ. ಹಾಗೆ ಹೇಳಿಕೊಳ್ಳಲು ಹೆಮ್ಮೆಯಾಯಿತು, ಅಲ್ಲಿಯವರೆಗೆ ತಡೆದಿದ್ದ ಅಳುವೂ ಬಂತು.

ಸಂಜೆ ಮಹಡಿ ಹತ್ತಿ ಲ್ಯಾಪ್‌ಟಾಪ್ ತೆರೆದು ಕ್ಲಾಸಿನವರಿಗೆ ಸುದ್ದಿ ಮುಟ್ಟಿಸಿದೆ. ಪೆರುವಿನ ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು. ಅವಳ ಹಿಂದೆ ಅದೇ ಹೋಟೆಲಿನ ಇನ್ನಿಬ್ಬರು ಹುಡುಗಿಯರು, ಹಾಸಿಗೆ ಹಾಸುವವರು, ನಾಚಿಕೊಂಡು ಕೂತಿದ್ದರು. ಇವರಿಗೂ ನೀನು ಕಲಿಸಬೇಕು ಎಂದಳು. ಬೆಳಿಗ್ಗೆ ಅಂಗಳದಲ್ಲಿ ಕಡೇ ಬ್ಯಾಚು ಎಂದಿದ್ದೆನಲ್ಲ, ಅದು ತಪ್ಪಾಯಿತು.