ಭಾವನ ಬೆನ್ನಿನ ಗುರುತು

ನಮ್ಮ ಭಾವ ಕಾಣೆಯಾದ ವರ್ಷ ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಭಾವ ಎಂದರೆ ನನ್ನ ಗಂಡನ ಅಣ್ಣ. ತಾಯಲೂರಿಗೆ ಹತ್ತಿರದ ಒಂದು ಊರಿನಲ್ಲಿ ನಮ್ಮದು ಒಂದೇ ಒಲೆಯ ಮನೆ: ಮಾವ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು. ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ, ಗಂಡನೇ ಎಲ್ಲ.

ಭಾವ ಹುಣಸೆ ಗುತ್ತಿಗೆ ಹಿಡಿಯುತ್ತಿದ್ದರು. ಕಾಯಿ ಹಸಿರಾಗಿರುವಾಗಲೇ ಊರೂರು ತಿರುಗಿ, ಮರ ಹತ್ತಿ ಕೊಂಬೆ ಅಲ್ಲಾಡಿಸಿ ನೋಡಿ, ಈ ಮರಕ್ಕೆ ಇಷ್ಟು ಎಂದು ಮಾತು ಮುಗಿಸಿ, ಹಣ್ಣಾದ ಮೇಲೆ ಆಳು ಬಿಟ್ಟು ಬಡಿಸಿ ಮಾರುವುದು ಅವರ ಕೆಲಸ. ಆ ಸಲ ಶ್ರೀನಿವಾಸಪುರದ ಕಡೆ ತೋಪು ನೋಡಿಬರುತ್ತೇನೆಂದು ಹೋದವರು ಹೇಳಿದ ದಿನಕ್ಕೆ ಬರಲಿಲ್ಲ. ನಾವೇನೂ ಗಾಬರಿಯಾಗಲಿಲ್ಲ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡಿಸುತ್ತಿದ್ದ ಬಸ್ಸು ಎಲ್ಲಾದರೂ ಕೆಟ್ಟು ನಿಂತಿರಬೇಕು, ಇಲ್ಲವೇ ಅಲ್ಲಿಂದ ಮಾಲೂರಿನ ಕಡೆಗೂ ಹೋಗಿರಬೇಕು ಎಂದುಕೊಂಡೆವು. ಮತ್ತೂ ಒಂದು ವಾರ ಕಳೆದ ಮೇಲೆ ನಮ್ಮ ಯಜಮಾನರು ಹೋಗಿ ವಿಚಾರಿಸಿದರು. ತೋಪಿನವರು, ಬಂದಿದ್ದರು, ನೋಡಿದರು, ದರ ಒಪ್ಪಿಗೆಯಾಗದೆ ಹೊರಟುಹೋದರು ಎಂದರಂತೆ. ಅಲ್ಲಿಂದ ಮುಂದೆ ಅವರನ್ನು ಕಂಡವರೇ ಇಲ್ಲ.

ಗುತ್ತಿಗೆದಾರನ ಸೊಂಟದಲ್ಲಿ ದುಡ್ಡಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಊರವರು ಒಂದು ದಿನವೂ ತಡಮಾಡದೆ ತೀರ್ಮಾನಕ್ಕೆ ಬಂದುಬಿಟ್ಟರು: ಹಿಡಿದುಕೊಂಡು ಹೋಗಿದ್ದಾರೆ, ಗಡಿಯಾಚೆ ಇಟ್ಟಿದ್ದಾರೆ, ದುಡ್ಡು ಕೊಟ್ಟರೆ ಬಿಡುತ್ತಾರೆ.

ಈ ತೀರ್ಮಾನ ಅವರಿಗೆ ಅಷ್ಟು ಸುಲಭವಾಗಿ ಬಂದದ್ದಕ್ಕೆ ಕಾರಣ ಎತ್ತುಗಳು. ನಮ್ಮ ಕಡೆ ಎತ್ತಿನ ಕಳವು ಹೊಸದಲ್ಲ. ಗಡಿ ದಾಟಿಸಿಬಿಟ್ಟರೆ ಮೈಸೂರು ಸೀಮೆಯ ಪೊಲೀಸರು ಆಚೆ ಹೋಗುವಂತಿಲ್ಲ, ಆಚೆಯ ಇಂಗ್ಲಿಷರ ಸೀಮೆಯವರು ಈಚೆಯ ಮಾತು ಕೇಳುವುದಿಲ್ಲ. ಅದಕ್ಕೇ ಎತ್ತು ಕಳೆದುಕೊಂಡವರು ಠಾಣೆಗೆ ಹೋಗುತ್ತಿರಲಿಲ್ಲ. ಗಡಿಯ ಹತ್ತಿರದ ಯಾವುದಾದರೂ ಊರಿನ ಒಬ್ಬ ನಡುವಿನವನ ಹತ್ತಿರ ಹೋಗಿ, ಎಲೆಅಡಿಕೆ ಇಟ್ಟು, ಎತ್ತು ಎನ್ನದೆ, ನಮ್ಮ ಹಗ್ಗ ತಪ್ಪಿಹೋಗಿದೆ ಎನ್ನಬೇಕು. ಅವನೂ ಎತ್ತಿನ ಮಾತೆತ್ತದೆ ವಿಚಾರಿಸುತ್ತೇನೆ ಎನ್ನುತ್ತಾನೆ. ಆಮೇಲೆ ಅವನೇ ಬಂದು ಗುರುತು ಹೇಳಬೇಕು. ಬಾಲದ ಕೆಳಗೆ ಸುಳಿ ಇದೆ, ಒಳತೊಡೆಯಲ್ಲಿ ಬಿಳಿ ಮಚ್ಚೆ ಇದೆ, ಹೀಗೆ ಯಜಮಾನನಿಗೆ ಮಾತ್ರ ಗೊತ್ತಿರುವುದನ್ನು ಅವನು ಹೇಳಿದರೆ ಎತ್ತು ಅವನ ಕೈಗೆಟುಕುವ ಕಡೆ ಇದೆ ಎಂದು ಅರ್ಥ. ಗುರುತು ಸರಿಹೋದರೆ ದುಡ್ಡು. ಸ್ವಲ್ಪ ದಿನದಲ್ಲಿ ಯಾವುದೋ ತೋಪಿನಲ್ಲಿ ನಿಮ್ಮ ಎತ್ತನ್ನು ಕಟ್ಟಿಹಾಕಿರುತ್ತಾರೆ. ಈ ನಡುವೆ ಯಾರೂ ಹುಡುಕಿಕೊಂಡು ಹೊರಡಬಾರದು. ಹೊರಟರೆ ಎತ್ತು ಕಟುಕನ ಪಾಲು.

ನಮ್ಮ ಮಾವ ಈ ರೀತಿಯಲ್ಲಿ ಎರಡು ಜೊತೆ ಎತ್ತು ವಾಪಸು ಪಡೆದವರು. ಮಗನಿಗೂ ಇದೇ ದಾರಿ ಎಂದು ಹಟ ಹಿಡಿದರು. ಮುಳಬಾಗಿಲಿನ ಠಾಣೆಗೆ ಒಂದು ದೂರು ಕೊಡೋಣ ಎಂದು ನಮ್ಮ ಯಜಮಾನರು ಬಾಯಿಬಿಟ್ಟದ್ದಕ್ಕೆ, ನಿನ್ನ ಅಣ್ಣ ಜೀವಂತ ಬರೋದು ನಿನಗೆ ಬೇಡವೋ ಎಂದು ಎಲ್ಲರೆದುರಿಗೇ ಕೇಳಿದರು.

ಆ ಮಾತು ಜಗಲಿಯಿಂದ ಇಳಿದು ಬೀದಿಗೆ ಹೋಯಿತು. ಅಲ್ಲಿಯವರೆಗೆ ಊರಿನ ಊಹೆಯೆಲ್ಲ ದೂರದೂರದಲ್ಲಿ ಅಲೆಯುತ್ತಿತ್ತು. ಮಾಲೂರಿನ ಹೆಂಚಿನ ಗೂಡೊಂದರ ಹಿಂದೆ ಕೂಡಿಹಾಕಿದ್ದಾರೆ ಎಂದು ಲಕ್ಕೂರಿನಿಂದ ಬಂದ ನೆಂಟನೊಬ್ಬ ಹೇಳಿದ್ದ. ಶ್ರೀನಿವಾಸಪುರದ ಮಾವಿನ ತೋಟದ ಕಾವಲು ಗುಡಿಸಲಲ್ಲಿ ಕೆಮ್ಮಿದ್ದು ಕೇಳಿಸಿತು ಎಂದು ಇನ್ನೊಬ್ಬ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಳ್ಳುವವರ ಬಾಯಲ್ಲಿ ಚಿನ್ನದ ಗಣಿಯ ಪಾಳು ಸುರಂಗವೇ ಸಿದ್ಧವಾಗಿತ್ತು. ಕೇಳಿರುವ ದುಡ್ಡು ಎಷ್ಟು ಎನ್ನುವುದಂತೂ ಒಂದೊಂದು ಊರು ದಾಟಿದಾಗಲೂ ಏರುತ್ತಿತ್ತು. ಯಾರೂ ಒಂದು ಬಿಡಿಗಾಸು ಕೇಳಿರಲಿಲ್ಲ, ಆದರೂ ನೀರಿಗೆ ಹೋದರೆ, ಎಷ್ಟಂತೆ, ಹೊಂದಿಸಿದಿರಾ ಎಂದು ಅಕ್ಕನನ್ನು ಕೇಳದ ಹೆಂಗಸಿಲ್ಲ. ಅಂಜನ ಹಾಕಿಸಿ ಎಂದವರುಂಟು. ಅದನ್ನೂ ಹಾಕಿಸಿದೆವು. ವೀಳ್ಯದೆಲೆಯ ಕಪ್ಪಿನಲ್ಲಿ ನೋಡಿದವನು, ಮರ ಕಾಣುತ್ತದೆ, ಪಕ್ಕದಲ್ಲಿ ಮನುಷ್ಯರು ನಿಂತಿದ್ದಾರೆ ಎಂದ. ನಮ್ಮ ಜಿಲ್ಲೆಯಲ್ಲಿ ಮರದ ಪಕ್ಕ ಮನುಷ್ಯರು ನಿಲ್ಲದ ಜಾಗ ಯಾವುದು ಎಂದು ನಾನು ಕೇಳಿದೆ. ನನಗೆ ಬಾಯಿ ಹೆಚ್ಚು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಈಗ ಊಹೆ ನಮ್ಮ ಹೊಸ್ತಿಲಿಗೇ ಬಂತು. ಅಣ್ಣನಿಗೆ ಮಕ್ಕಳಿಲ್ಲ, ಅಣ್ಣ ಹೋದರೆ ಹೊಲ ಗದ್ದೆ ಯಾರಿಗೆ ಎಂದು ಲೆಕ್ಕ ಹಾಕಲು ಯಾರಿಗೂ ಓದು ಬೇಕಾಗಿರಲಿಲ್ಲ. ತಮ್ಮನೇ ಹಿಡಿಸಿದ್ದಾನೆ ಎಂದು ಬಾಯಿಬಿಟ್ಟು ಹೇಳಿದವರಿಲ್ಲ. ನಾನು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ನಮ್ಮ ಯಜಮಾನರು ಸಂತೆಗೆ ಹೋಗುವುದನ್ನೂ ಬಿಟ್ಟರು. ಊರು ಬಿಟ್ಟು ಹೊರಗೆ ಹೋದರೆ, ಹಿಡಿದವರಿಗೆ ದುಡ್ಡು ಮುಟ್ಟಿಸಲು ಹೋದ ಎನ್ನುತ್ತಿದ್ದರು. ಮನೆಯಲ್ಲಿದ್ದರೆ, ಅಣ್ಣ ಇಲ್ಲ ಎನ್ನುವ ಕೊರಗೇ ಇಲ್ಲ ನೋಡು ಎನ್ನುತ್ತಿದ್ದರು. ನನ್ನ ಗಂಡ ಅಂಥವರಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಊಟಕ್ಕೆ ಬಡಿಸುವಾಗ ಅವರ ಮುಖವನ್ನು ಮೊದಲಿನ ಹಾಗೆ ನೋಡಲು ನನಗೆ ಆಗುತ್ತಿರಲಿಲ್ಲ. ಅಕ್ಕನಿಗೂ ಆಗುತ್ತಿರಲಿಲ್ಲ. ಅನುಮಾನ ಒಂದು ಸಲ ಒಳಗೆ ಬಂದರೆ ಅನ್ನಕ್ಕೂ ಬೇರೆ ರುಚಿ ಬರುತ್ತದೆ.

ಮಾವ ಗಡಿಯ ಕಡೆ ಹೇಳಿಕಳಿಸಿದ್ದರು. ಒಂದು ಮಧ್ಯಾಹ್ನ ನಡುವಿನವನು ಬಂದ. ತೆಳ್ಳಗಿನ ಮನುಷ್ಯ, ಶುಭ್ರವಾದ ರುಮಾಲು, ತೆಲುಗಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. ಹಗ್ಗದ ಮಾತು ಕೇಳಿಬಂದೆ ಎಂದ. ಮಾವ ಎಲೆಅಡಿಕೆ ತಟ್ಟೆ ಮುಂದಿಟ್ಟು ಗುರುತು ಕೇಳಿದರು. ಅವನು ಆತುರಪಡದೆ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗೆ ಹಾಕಿಕೊಂಡ ಮೇಲೆ, ಎಡಗಡೆ ಬೆನ್ನಿನಲ್ಲಿ, ರೆಕ್ಕೆಮೂಳೆಯ ಕೆಳಗೆ, ಉದ್ದಕ್ಕೆ ಒಂದು ಗಾಯದ ಕಲೆ ಎಂದ. ಚಿಕ್ಕಂದಿನಲ್ಲಿ ಭಾವನಿಗೆ ಹೋರಿ ತಿವಿದ ಕಲೆ ಅದು.

ಬಾಗಿಲ ಹಿಂದೆ ನಿಂತಿದ್ದ ಅಕ್ಕ ಅಲ್ಲೇ ಕುಳಿತು ಅತ್ತಳು. ಅವಳು ಸಂತೋಷಕ್ಕೆ ಅತ್ತದ್ದು. ಅಷ್ಟು ದಿನದಲ್ಲಿ ಅವಳ ಗಂಡ ಇದ್ದಾನೆ ಎಂದು ಹೇಳಿದವನು ಅವನೊಬ್ಬನೇ. ಮಾವ ಕೂಡಿಸಿದ್ದ ದುಡ್ಡು ಸಾಲದು ಎಂದು ಅವನು ಮುಖ ತಿರುಗಿಸಿದಾಗ ಅಕ್ಕ ತನ್ನ ಕೊರಳ ಸರವನ್ನೂ ಬಿಚ್ಚಿ ತಟ್ಟೆಗೆ ಹಾಕಿದಳು. ಹೋಗುವಾಗ ಅವನು ಒಂದು ಮಾತು ಹೇಳಿದ. ಮನೆಯವರು ಯಾರೂ ಊರು ಬಿಟ್ಟು ಹೊರಡಬೇಡಿ. ಸುಳ್ಳು ಸುದ್ದಿ ತಂದು ದುಡ್ಡು ಕೀಳುವವರು ಬರುತ್ತಾರೆ, ಗುರುತು ಹೇಳದವರನ್ನು ನಂಬಬೇಡಿ. ಅವನ ಎಚ್ಚರಿಕೆ ಮಾವನಿಗೆ ಬಹಳ ಹಿಡಿಸಿತು. ಎಂಥ ಪ್ರಾಮಾಣಿಕ ಎಂದರು.

ಕಾದೆವು. ಬೆಳಗಾದರೆ ಮಾವ ಆಳನ್ನು ಕಳಿಸಿ ಸುತ್ತಲಿನ ತೋಪುಗಳನ್ನು ನೋಡಿಸುತ್ತಿದ್ದರು, ಎಲ್ಲಾದರೂ ಮಗನನ್ನು ತಂದು ಬಿಟ್ಟಿರುತ್ತಾರೇನೋ ಎಂದು. ಹುಣಸೆ ಕಾಯಿ ಬಲಿಯಿತು. ನಡುವಿನವನ ಸುಳಿವಿಲ್ಲ. ದುಡ್ಡು ಸಾಲದೆ ಬಂದಿರಬೇಕು, ಪೂರ್ತಿ ಕೊಟ್ಟಿಲ್ಲ ಇವರು ಎಂದು ಊರು ಹೇಳಿತು. ತಮ್ಮನೇ ಅರ್ಧ ಹಿಡಿದುಕೊಂಡಿರಬೇಕು ಎಂದೂ ಹೇಳಿರಬೇಕು. ಅದು ನನ್ನ ಕಿವಿಯವರೆಗೆ ಬರಲಿಲ್ಲ.

ಆಗ ಇನ್ನೊಬ್ಬ ಬಂದ. ಹರಕು ಕಂಬಳಿ ಹೊದ್ದ, ನಡೆದು ನಡೆದು ಕಾಲೆಲ್ಲ ಧೂಳಾದ ರೈತ. ಇವನು ಎಲೆಅಡಿಕೆ ಮುಟ್ಟಲಿಲ್ಲ, ಹಗ್ಗದ ಮಾತೂ ಆಡಲಿಲ್ಲ. ಅಂಗಳದಲ್ಲಿ ನಿಂತೇ, ಬಾಗಿಲ ಮರೆಯಲ್ಲಿದ್ದ ಅಕ್ಕನ ಕಡೆ ನೋಡಿ ಹೇಳಿಬಿಟ್ಟ.

"ನಿಮ್ಮ ಯಜಮಾನ್ರು ಕೋಲಾರದ ಆಸ್ಪತ್ರೇಲವ್ರೆ ತಾಯಿ. ತೊಡೆಮೂಳೆ ಮುರಿದೈತೆ. ನನ್ನ ತಮ್ಮನ ಪಕ್ಕದ ಮಂಚವೇ ಅವರದು. ಪಂಚೆ, ಖರ್ಚಿಗೆ ಒಂದಿಷ್ಟು ದುಡ್ಡು ತಗೊಂಡು ಯಾರಾದ್ರೂ ಬರ್ಬೇಕಂತೆ."

ದುಡ್ಡು ಎಂಬ ಮಾತು ಬಂದದ್ದೇ ತಡ, ಜಗಲಿಯ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಬಾಗಿಲ ಕಡೆ ತಿರುಗಿದರು. ಅಕ್ಕ ಸೆರಗು ಬಿಗಿದುಕೊಂಡು ಹೊರಗೆ ಬಂದಳು.

"ಅವರ ಮೈಮೇಲೆ ಒಂದು ಗುರುತು ಐತೆ. ಎಲ್ಲಿ ಅಂತ ಹೇಳಪ್ಪ, ಈಗಲೇ ಹೊರಡ್ತೀನಿ."

"ಕಂಬಳಿ ಹೊದ್ಕೊಂಡು ಮಲಗವ್ರೆ. ಮೈಮೇಲಿಂದು ನಾನೆಲ್ಲಿ ನೋಡ್ಲಿ ತಾಯಿ?"

ಅಷ್ಟೇ. ಗುರುತು ಗೊತ್ತಿಲ್ಲದವನು ಕಳ್ಳ. ಯಾರೋ ಅವನ ಕಂಬಳಿ ಹಿಡಿದೆಳೆದರು, ಯಾರೋ ನಿಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದೀರಿ ಎಂದು ಗದರಿದರು. ಅವನು ಭಾವನೇ ತಿಳಿಸಿದ್ದೆಂದು ನಮ್ಮೂರಿನ ಹೆಸರು ಹೇಳಿದ, ಮಾವನ ಹೆಸರೂ ಹೇಳಿದ. ಅದನ್ನು ಇಡೀ ಜಿಲ್ಲೆಯೇ ಆಡಿಕೊಳ್ಳುತ್ತಿತ್ತು, ಯಾರು ನಂಬುತ್ತಾರೆ? ಕೆರೆ ಏರಿಯವರೆಗೂ ಅಟ್ಟಿಕೊಂಡು ಹೋಗಿ ಬಿಟ್ಟುಬಂದರು. ಅವನು ತಿರುಗಿ ನಿಂತು ನಮ್ಮ ಮನೆಯ ಕಡೆ ಒಂದು ಸಲ ಉಗಿದು ಹೋದನಂತೆ.

ನನಗೆ ತಡೆಯಲಾಗಲಿಲ್ಲ. ಕೋಲಾರವೇನು ಕಾಶಿಯೇ, ಹೋಗಿ ಒಂದು ಸಲ ಇಣುಕಿ ಬಂದರೆ ಏನು ಗಂಟು ಹೋಗುತ್ತದೆ ಎಂದೆ. ನಮ್ಮ ಯಜಮಾನರು ಎದ್ದೇ ನಿಂತರು. ಮಾವ ಅವರನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀನು ಹೋಗಿ ನಿನ್ನ ಅಣ್ಣನಿಗೇನಾದರೂ ಆದರೆ, ಎಂದು ಅರ್ಧಕ್ಕೇ ನಿಲ್ಲಿಸಿದರು. ಇನ್ನರ್ಧ ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಮ್ಮ ಯಜಮಾನರು ಮತ್ತೆ ಕುಳಿತರು. ನಾನು ಅಕ್ಕನನ್ನು ಹಿತ್ತಲಿಗೆ ಕರೆದು, ನಾವಿಬ್ಬರೇ ಹೋಗೋಣ ನಡಿ ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಅವನು ಹಗ್ಗ ಅಂತಲೂ ಅನ್ನಲಿಲ್ಲ ಕಣೇ, ನಿಜವಾದವನು ಹಾಗೆ ಬಂದು ಹೇಳ್ತಾನಾ ಎಂದಳು. ನನ್ನನ್ನೂ ಅವಳು ಪೂರ್ತಿ ನಂಬಲಿಲ್ಲ ಎಂದು ಆ ನೋಟದಲ್ಲಿ ತಿಳಿಯಿತು. ಕೋಪ ಬಂತು, ಅವಳ ಮೇಲಲ್ಲ, ನಮ್ಮನ್ನು ಆ ಸ್ಥಿತಿಗೆ ತಂದಿಟ್ಟವರ ಮೇಲೆ.

ಎತ್ತಿನ ಬಾಲದ ಕೆಳಗಿನ ಸುಳಿ ಯಜಮಾನನಿಗೆ ಮಾತ್ರ ಗೊತ್ತು, ಸರಿ. ಭಾವನ ಬೆನ್ನಿನ ಕಲೆ ಯಾರಿಗೆ ಗೊತ್ತಿರಲಿಲ್ಲ? ಬೇಸಿಗೆಯಲ್ಲಿ ಕೆರೆಯಲ್ಲಿ ಈಜುವಾಗ ನೋಡಿದವರೆಷ್ಟೋ, ಬರಿಮೈಯಲ್ಲಿ ಹುಣಸೆ ಮೂಟೆ ಹೊರಿಸುವಾಗ ಸಂತೆಯಲ್ಲಿ ನೋಡಿದವರೆಷ್ಟೋ. ಹೊರಗಿನವನಿಗೆ ಸಲೀಸಾಗಿ ಸಿಗುವ ಗುರುತು, ಆಸ್ಪತ್ರೆಯ ಪಕ್ಕದ ಮಂಚದ ಹತ್ತಿರ ಕುಳಿತವನಿಗೆ ಮಾತ್ರ ಕಾಣದ ಗುರುತು. ಇಷ್ಟು ಸಣ್ಣ ಮಾತು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಭಾವ ತಾವೇ ಬಂದರು. ನಮ್ಮೂರಿನಲ್ಲಿ ಹುಣಸೆ ಬಡಿಯಲು ಶುರುವಾಗಿತ್ತು. ಬಸ್ಸಿಳಿದು, ಯಾರದೋ ಗಾಡಿಯಲ್ಲಿ ಕುಳಿತು, ಕಂಕುಳಿಗೆ ಕೋಲು ಕೊಟ್ಟುಕೊಂಡು ಅಂಗಳಕ್ಕೆ ಇಳಿದರು. ಒಂದು ಕಾಲು ಗಿಡ್ಡವಾಗಿತ್ತು. ಅವರನ್ನು ಯಾರೂ ಹಿಡಿದಿರಲಿಲ್ಲ. ದರ ಒಪ್ಪಿಗೆಯಾಗದೆ ಹೊರಟವರು ದಾರಿಯಲ್ಲಿ ಇನ್ನೊಂದು ಒಳ್ಳೆಯ ಮರ ಕಂಡು, ಕಾಯಿ ನೋಡೋಣವೆಂದು ಹತ್ತಿ, ಕೊಂಬೆ ಮುರಿದು ಬಿದ್ದಿದ್ದರು. ಕೋಲಾರಕ್ಕೆ ಹೋಗುತ್ತಿದ್ದ ಗಾಡಿಯವರು ಎತ್ತಿಹಾಕಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರು. ಮೊದಮೊದಲು ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿರಲಿಲ್ಲ. ಪ್ರಜ್ಞೆ ಬಂದ ಮೇಲೆ ಆ ರೈತನನ್ನು ಕಳಿಸಿದರು. ಅವನು ಹಿಂದಿರುಗಿ ಬಂದು ನಡೆದದ್ದನ್ನು ಹೇಳಿದ ಮೇಲೆ ಮತ್ತೆ ಯಾರನ್ನೂ ಕಳಿಸಲಿಲ್ಲ.

ಇಷ್ಟನ್ನು ಅವರು ಜಗಲಿಯ ಮೇಲೆ ಹೇಳಿದರು. ಜನ ಕೇಳಿಸಿಕೊಂಡರು, ನಂಬಲಿಲ್ಲ. ಹಿಡಿದವರು ಹಾಗೆ ಹೇಳು ಎಂದು ಹೆದರಿಸಿ ಕಳಿಸಿದ್ದಾರೆ ಎಂದು ಅಂಗಳ ದಾಟುವ ಮೊದಲೇ ಮಾತಾಡಿಕೊಂಡರು. ಕಾಲು ಮುರಿದದ್ದೂ ಅವರೇ ಎಂದು ಮರುದಿನ ಬಾವಿಕಟ್ಟೆಯಲ್ಲಿ ಕೇಳಿದೆ.

ಎಲ್ಲರೂ ಹೋದ ಮೇಲೆ ಅಕ್ಕ ನೀರಿನ ಚೆಂಬು ತಂದು ಅವರ ಮುಂದಿಟ್ಟು ಕುಳಿತಳು. ಮುಟ್ಟಿದರೆ ಎಲ್ಲಿ ಇಲ್ಲದೆ ಹೋಗುತ್ತಾರೋ ಎಂಬಂತೆ ದೂರವೇ ಕುಳಿತಿದ್ದಳು. ನಾನು ಬಾಗಿಲಲ್ಲಿದ್ದೆ. ಭಾವ ನೀರು ಮುಟ್ಟಲಿಲ್ಲ.

"ಗುರುತು ಕೇಳಿದ್ಯಂತೆ. ನಾನೇನು ಎತ್ತಾ?" ಎಂದರು. "ನಾನು ಬರೋದು ನಿಮಗ್ಯಾರಿಗೂ ಬೇಕಿರಲಿಲ್ಲ, ಹೇಳು."

ಅಕ್ಕ ತಲೆ ತಗ್ಗಿಸಲಿಲ್ಲ. ಅಷ್ಟು ದಿನ ಎಲ್ಲರ ಮಾತು ಕೇಳಿ ಕೇಳಿ ಸವೆದಿದ್ದ ಹೆಂಗಸು ಅಂದು ನೆಟ್ಟಗೆ ಅವರ ಮುಖ ನೋಡಿ ಹೇಳಿದಳು.

"ಊರೋರೆಲ್ಲ ದುಡ್ಡು ಎಷ್ಟು ಅಂತ ಕೇಳ್ತಿದ್ರು. ನೀವು ಇದೀರಾ ಇಲ್ವಾ ಅಂತ ಕೇಳಿದ್ದು ನಾನೊಬ್ಬಳೇ."

ಭಾವನ ಮುಖ ಸಡಿಲವಾಯಿತು. ಇನ್ನೇನು ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನನಗೆ ಅನ್ನಿಸಿತು, ಅದಕ್ಕಾಗಿ ನಾನು ಆಸೆಯಿಂದ ಕಾದೆ. ಅವರು ಅಕ್ಕನ ಬರಿಗೊರಳನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, "ಅದ್ಸರಿ, ಎಷ್ಟು ಕೊಟ್ರಿ?" ಎಂದರು.

ಅಕ್ಕ ಎದ್ದು ಸ್ನಾನಕ್ಕೆ ನೀರು ಕಾಯಿಸಲು ಹೋದಳು. ಅವರು ನನ್ನ ಕಡೆ ತಿರುಗಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಅವರು ಸಾಯುವವರೆಗೂ ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ, ಅವರು ಕೇಳುವುದನ್ನೂ ಬಿಡಲಿಲ್ಲ.