ಸೋರುವ ಬಸ್ಸಿನ ದೊಡ್ಡತ್ತೆ

ದೊಡ್ಡತ್ತೆಯ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಿತ್ತು. ಮೇಷ್ಟ್ರಮ್ಮನಾಗಿ ಮಕ್ಕಳ ಕಿವಿ ಹಿಂಡಿ ಹಿಂಡಿಯೇ ಹಾಗಾಯಿತೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಿಜವೇನೆಂದರೆ, ಚಿಕ್ಕಂದಿನಲ್ಲಿ ತಾತನ ಟ್ರಾಕ್ಟರಿನ ಕೊಂಡಿಗೆ ಸಿಕ್ಕಿ ಮುರಿದಿತ್ತು. ತನ್ನ ಮನೆಬಸ್ಸಿನಲ್ಲಿ ಎಲ್ಲಿ ಒದ್ದೆ ಕಂಡರೂ ಆ ಸೊಟ್ಟ ಬೆರಳನ್ನು ಅಲ್ಲಿಗೆ ಒತ್ತುವಳು, ಸೀದಾ ನಾಲಿಗೆಗೆ ಇಟ್ಟುಕೊಳ್ಳುವಳು, ಕಣ್ಣು ಮುಚ್ಚುವಳು. ನಾವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಕಣ್ಣು ತೆರೆದ ಮೇಲೆ ಯಾರಿಗಾದರೂ ಬೈಗುಳ ಖಾತ್ರಿ; ಯಾರಿಗೆ ಎಂಬುದಷ್ಟೇ ತೀರ್ಪಾಗಬೇಕಿತ್ತು.

"ಉಪ್ಪುಪ್ಪು. ತೊಟ್ಟಿ ನೀರು. ಪೈಪ್ ಜಾಯಿಂಟು ಬುಟ್ಟದೆ," ಎನ್ನುವಳು. ಇಲ್ಲವೇ, "ಸಪ್ಪೆ. ಮಳೆ ನೀರು. ಕಿಟಕಿ ರಬ್ಬರು." ನಾನು ಅನುಮಾನದಿಂದ ನೋಡಿದರೆ, "ನನ್ನ ಏನ್ ಕೇಳ್ತೀಯ? ನೀರ್ನ ಕೇಳ್ಲಾ!"

ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಪಿಂಚಣಿ ಇತ್ತು, ನಾಲಿಗೆ ಇತ್ತು. ನಾಗಮಂಗಲದ ಕಡೆಯ ಸರ್ಕಾರಿ ಶಾಲೆಯಿಂದ ನಿವೃತ್ತಳಾದ ವರ್ಷವೇ ಒಂದು ಹಳೆಯ ಮಿನಿಬಸ್ಸು ಕೊಂಡಳು. ಶ್ರೀರಂಗಪಟ್ಟಣದ ಒಂದು ಬಾಡಿ ಕಟ್ಟುವ ಶೆಡ್ಡಿಗೆ ಹಾಕಿ, ಹಿಂದಿನ ಸೀಟುಗಳನ್ನೆಲ್ಲ ಕೀಳಿಸಿ, ಎರಡು ಮಂಚ, ಒಂದು ಸಿಂಕು, ಬೀರುವಿನಷ್ಟು ಅಗಲದ ಬಚ್ಚಲು ಕೂರಿಸಿಕೊಂಡಳು. ಉಳಿಸಿಕೊಂಡ ಮುಂದಿನ ಸೀಟುಗಳ ಕೆಳಗೆ ನೀರಿನ ತೊಟ್ಟಿ. ತಾನೇ ಓಡಿಸುತ್ತಿದ್ದಳು. ಟ್ರಾಕ್ಟರು ಓಡಿಸಿ ಬೆಳೆದವಳಿಗೆ ಅದೊಂದು ಲೆಕ್ಕವೇ ಅಲ್ಲ.

ಬಸ್ಸು ಬಂದ ವರ್ಷದ ಆಯುಧಪೂಜೆಗೆ ತಾತನ ಟ್ರಾಕ್ಟರಿನ ಮೇಲಿದ್ದ ಮನೆದೇವರ ಹೆಸರಿನ ತಗಡಿನ ಬೋರ್ಡನ್ನು ಹಟ್ಟಿಯಿಂದ ಹುಡುಕಿ ತಂದಳು. ಬಸ್ಸಿನ ಹಣೆಯ ಮೇಲೆ, ಚಾವಣಿಯ ಮುಂಭಾಗದಲ್ಲಿ, ತಾನೇ ಡ್ರಿಲ್ ಹಿಡಿದು ತಿರುಪು ಹೊಡೆದು ನಿಲ್ಲಿಸಿದಳು. "ದ್ಯಾವ್ರು ಮುಂದೆ, ನಾನು ಇಂದೆ. ಯಾವ ಬಡ್ಡೈದ ಅಡ್ಡ ಬತ್ತಾನೆ ನೋಡ್ತೀನಿ," ಎಂದು ಕುಂಬಳಕಾಯಿ ಒಡೆದಳು.

ಎರಡನೆಯ ಮಂಚ ಚಿಕ್ಕತ್ತೆಗೆ. ಚಿಕ್ಕತ್ತೆ ಅವಳ ತಂಗಿ, ಮದುವೆಯಾಗದೆ ಉಳಿದವಳು. ಪಾಂಡವಪುರದ ಹತ್ತಿರದ ನಮ್ಮ ಮನೆಯಲ್ಲಿ, ಅಂದರೆ ಅವರಣ್ಣನಾದ ನಮ್ಮಪ್ಪನ ಮನೆಯಲ್ಲಿ, ಒಲೆ ಮುಂದೆಯೇ ಅವಳ ತಲೆ ನರೆತಿತ್ತು. ಅವಳಿಗೆಂದು ಒಂದು ಕೋಣೆ ಇರಲಿಲ್ಲ. ಅಡುಗೆಮನೆಯಲ್ಲಿ ರಾಗಿ ಮೂಟೆ ಪಕ್ಕ ಚಾಪೆ ಹಾಸಿಕೊಳ್ಳುತ್ತಿದ್ದಳು. ನಮಗದು ಯಾವತ್ತೂ ವಿಚಿತ್ರವೆನಿಸಲಿಲ್ಲ, ಸಾರು ಚೆನ್ನಾಗಿರುತ್ತಿತ್ತಲ್ಲ. ದೊಡ್ಡತ್ತೆ ಬಂದು, "ಹೊರಡೇ, ಇವ್ರಿಗೆ ಬೇಯ್ಸಿದ್ದು ಸಾಕು," ಎಂದಾಗ ಚಿಕ್ಕತ್ತೆ ಸೀರೆಗೆ ಕೈ ಒರೆಸಿಕೊಂಡು ಹಾಗೆಯೇ ಹತ್ತಿದಳು. ಹಿಂದಿನ ಮಂಚ, ತಲೆಯ ಪಕ್ಕ ಕಿಟಕಿ. ಅಷ್ಟಗಲ ಜಾಗ ತನ್ನದೆಂದು ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಕಿಟಕಿಗೆ ತನ್ನ ಹಳೆಯ ಸೀರೆ ಕತ್ತರಿಸಿ ಪರದೆ ಹೊಲಿದುಕೊಂಡಿದ್ದಳು.

ದೊಡ್ಡತ್ತೆ ಇದನ್ನೂ ಬಿಟ್ಟಿಯಾಗಿ ಕೊಡಲಿಲ್ಲ. ಚಪಾತಿ ಸೀದರೆ, "ನಿನ್ನ ಯಾವ ಗಂಡೂ ಕಟ್ಕಳ್ನಿಲ್ಲ. ಕೊನೀಗೆ ನಾನು ಕಟ್ಕಂಡಿವ್ನಿ," ಎನ್ನುವಳು. ಚಿಕ್ಕತ್ತೆ ಕಿಟಕಿಯ ಆಚೆ ನೋಡುತ್ತ ನಗುವಳು. ಆಚೆ ಯಾವುದಾದರೂ ಕೆರೆಯೋ ತೋಟವೋ ಇರುತ್ತಿತ್ತು, ಸಾಕಾಗುತ್ತಿತ್ತು.

ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವ ನನಗೆ ಲಗ್ನ ಇಲ್ಲದ ತಿಂಗಳಲ್ಲಿ ಅನ್ನವೂ ಇಲ್ಲ. ಆಗೆಲ್ಲ ನಾನೂ ಬಸ್ಸು ಹತ್ತುತ್ತಿದ್ದೆ, ಮುಂದಿನ ಸೀಟಿನಲ್ಲಿ ಮಲಗುತ್ತಿದ್ದೆ. ಊರವರನ್ನೆಲ್ಲ ಅಣಕಿಸಿದಂತೆ ದೊಡ್ಡತ್ತೆಯನ್ನು ಅವಳೆದುರೇ ಅಣಕಿಸುತ್ತಿದ್ದೆ. "ನಿನ್ ಮೂತಿಗೆ ನಿನ್ ದನಿ ಸಾಲ್ದು ಅಂತ ಊರೋರ್ದೆಲ್ಲಾ ಕದ್ದಿದೀಯ," ಎನ್ನುವಳು. ಅದನ್ನೂ ಅವಳ ದನಿಯಲ್ಲೇ ತಿರುಗಿ ಒಪ್ಪಿಸುತ್ತಿದ್ದೆ.

ಬಸ್ಸು ಮೊದಲ ಮಳೆಗೇ ಸೋರಿತು. ದೊಡ್ಡತ್ತೆ ಶೆಡ್ಡಿಗೆ ಹೋಗಿ, ಬಾಡಿ ಕಟ್ಟಿದವನನ್ನು ಅವನ ಕೆಲಸದವರ ಮುಂದೆಯೇ ನಿಲ್ಲಿಸಿ, "ಬಸ್ ಕಟ್ಟಿದೀಯಾ, ಜರಡಿ ಕಟ್ಟಿದೀಯಾ?" ಎಂದು ಕೇಳಿದಳು. ಆಮೇಲೆ ಸೋರಿಕೆ ಹುಡುಕುವ ಕೆಲಸವನ್ನು ತಾನೇ ಕೈಗೆತ್ತಿಕೊಂಡಳು. ಅದರಲ್ಲಿ ಅವಳಿಗೆ ಸಿಕ್ಕ ಸುಖ ನೋಡಬೇಕಿತ್ತು. ಕಾಪಿ ಹೊಡೆಯುವ ಹುಡುಗನನ್ನು ಹಿಡಿಯುವ ಸುಖ ಅದು. ಬೀರುವಿನೊಳಗೆ, ಮೂಲೆ ಮೂಲೆಗೆ ರಂಗೋಲಿ ಪುಡಿ ಉದುರಿಸಿಡುವಳು. ಬೆಳಿಗ್ಗೆ ಎದ್ದು ಪುಡಿ ಎಲ್ಲಿ ಒದ್ದೆಯಾಗಿದೆ, ನೀರು ಯಾವ ಕಡೆಯಿಂದ ಹರಿದಿದೆ ನೋಡುವಳು. ನನ್ನನ್ನು ಚಾವಣಿಗೆ ಹತ್ತಿಸಿ ಪೈಪು ಹಿಡಿಸುವಳು. ಕಿಟಕಿಯ ರಬ್ಬರು, ಬಚ್ಚಲಿನ ಕೊಳವೆ, ಚಾವಣಿಯ ಗಾಳಿಕಿಂಡಿ: ಒಂದೊಂದೇ ಸಿಕ್ಕವು, ಒಂದೊಂದಕ್ಕೂ ಸಿಲಿಕಾನ್ ಅಂಟು ಬಿತ್ತು.

ಒಂದು ಮಾತ್ರ ಸಿಗಲಿಲ್ಲ. ಚಿಕ್ಕತ್ತೆಯ ಮಂಚದ ಹಲಗೆ ಗೋಡೆಯ ಕಡೆಯಿಂದ ಒದ್ದೆಯಾಗುತ್ತಿತ್ತು. ಮೇಲಿನಿಂದ ಹನಿ ಬೀಳುವುದು ಕಾಣದು. ಹಾಸಿಗೆ ಎತ್ತಿದರೆ ಅಡಿಯಲ್ಲಿ ನೀರು. ಮಳೆ ನಿಂತು ಎರಡು ದಿನವಾದ ಮೇಲೂ ಒದ್ದೆ. ಹಾಸಿಗೆಗೆ ಬೂಷ್ಟು ಹಿಡಿದು ಚಿಕ್ಕತ್ತೆಗೆ ಕೆಮ್ಮು ಹತ್ತಿತು. ಅವಳ ಮಂಚದ ಪಕ್ಕಕ್ಕೇ ಸಿಂಕು.

ಬೆಳಗೊಳದಲ್ಲಿ ನಾಲೆಯ ಪಕ್ಕದ ನೆಂಟರ ತೋಟದಲ್ಲಿ ಬಸ್ಸು ನಿಲ್ಲಿಸಿದ್ದಾಗ ದೊಡ್ಡತ್ತೆ ವಿಚಾರಣೆಗೆ ಕುಳಿತಳು. ನನ್ನನ್ನು ಚಾವಣಿಗೆ ಹತ್ತಿಸಿದಳು. ಹಿಂದಿನಿಂದ ಮುಂದಕ್ಕೆ ನೀರು ಹೊಯ್ಯುತ್ತ ಬೋರ್ಡಿನ ಹತ್ತಿರ ಬಂದರೆ ಕೆಳಗಿನಿಂದ ಕೂಗಿದಳು: "ಏಯ್! ಅದು ದ್ಯಾವ್ರ ಎಸ್ರು. ಚಾವಣಿ ತೊಳ್ದ ಕೊಳೆ ನೀರು ಅದ್ಕೆ ಬುಡಬ್ಯಾಡ ಕಣ್ಲಾ!" ಪ್ರತಿಸಲವೂ ಹೀಗೆಯೇ. ನಾನು ಬೋರ್ಡನ್ನು ಬಿಟ್ಟು ಉಳಿದದ್ದನ್ನೆಲ್ಲ ನೆನೆಸಿದೆ. ಒಳಗೆ ಹೊಸದಾಗಿ ನೀರು ಬರಲಿಲ್ಲ. ಹಾಗಾದರೆ ಚಾವಣಿಯದಲ್ಲ ಎಂದಾಯಿತು. ಸಿಂಕಿನ ಹಿಂದಿನ ಮೂಲೆಯಲ್ಲಿ ರಂಗೋಲಿ ಪುಡಿ ಒದ್ದೆಯಾಗಿತ್ತು. ಕೊನೆಗೆ ಸೊಟ್ಟ ಬೆರಳು ಹಲಗೆಗೆ ಹೋಯಿತು, ನಾಲಿಗೆಗೆ ಬಂತು.

"ಸಪ್ಪೆ," ಎಂದಳು. ತೊಟ್ಟಿಗೆ ಆ ಸಲ ತುಂಬಿಸಿದ್ದು ಕಾವೇರಿ ನೀರು, ಮಳೆ ನೀರಿನಂತೆ ಅದೂ ಸಪ್ಪೆ. ತಂಗಿಯ ಕಡೆ ತಿರುಗಿದಳು. "ನಲ್ಲಿ ನಿಲ್ಸದೆ ಮಲೀಕತೀಯ. ತೊಟ್ಟಿಕ್ಕಿ ತೊಟ್ಟಿಕ್ಕಿ ಸಿಂಕಿನ್ ಇಂದ್ಗಡೆಯಿಂದ ನಿನ್ ಅಲ್ಗೆಗೇ ಇಳೀತಾ ಅದೆ."

"ನಿಲ್ಸಿದ್ದೆ ಕಣಕ್ಕ."

"ನಾನ್ ಸುಳ್ಳು ಏಳ್ತಿದೀನಾ? ನೀರು ಸುಳ್ಳು ಏಳ್ತದಾ? ಅಡುಗೆಮನೇಲೇ ಬಿದ್ದಿದ್ದೋಳ್ಗೆ ಮಂಚ ಕೊಟ್ರೆ ಇಂಗೇ ಆಗೋದು. ಮಂಚಾನ ಬಚ್ಚಲು ಮಾಡ್ದೆ."

ಚಿಕ್ಕತ್ತೆ ಮತ್ತೊಮ್ಮೆ ಬಾಯಿ ತೆರೆದಳು, ಕೆಮ್ಮು ಬಂತು. ಅಷ್ಟರಲ್ಲಿ ದೊಡ್ಡತ್ತೆ ಸ್ಟೇರಿಂಗ್ ಹಿಡಿದಾಗಿತ್ತು. ನಮ್ಮನೆ ಬಾಗಿಲಲ್ಲಿ ತಂಗಿಯನ್ನು ಇಳಿಸಿ, ಅವಳ ಬ್ಯಾಗನ್ನು ಜಗಲಿಗೆಸೆದು, ಕಿಟಕಿಯ ಪರದೆಯನ್ನೂ ಕಿತ್ತು ಕೊಟ್ಟಳು. "ತಗೋ, ಒಲೆ ಒರ್ಸಕ್ಕಾಯ್ತದೆ."

ನಮ್ಮನೆಯಲ್ಲಿ ಅವತ್ತು ಎಲ್ಲರಿಗೂ ಒಳಗೊಳಗೇ ಸಂತೋಷ. ಅಮ್ಮ, "ಪಾಪ, ಅಕ್ಕ ಅನ್ನೋಳು ಇಂಗಾ ಮಾಡೋದು," ಎನ್ನುತ್ತಲೇ ಹುಣಸೆಹಣ್ಣು ತೆಗೆದುಕೊಟ್ಟಳು. ಚಿಕ್ಕತ್ತೆ ಸಾರಿಗಿಟ್ಟಳು. ನಾನು ಎರಡು ಸಲ ಬಡಿಸಿಕೊಂಡು, ಕೈ ತೊಳೆದು, ಮತ್ತೆ ದೊಡ್ಡತ್ತೆಯ ಬಸ್ಸು ಹತ್ತಿದೆ. ನಾನು ಎಂಥ ಜಾತಿಯ ಪ್ರಾಣಿಯೆಂದು ನಿಮಗೀಗ ತಿಳಿದಿರಬೇಕು.

ಕೆಲವು ವಾರಗಳ ಮೇಲೆ ನಾಗಮಂಗಲದಲ್ಲಿದ್ದೆವು, ಅವಳ ಹಳೆಯ ಶಿಷ್ಯನೊಬ್ಬನ ತೆಂಗಿನ ತೋಟದಲ್ಲಿ. ತೊಟ್ಟಿಗೆ ತುಂಬಿಸಿದ್ದು ಅಲ್ಲಿಯ ಬೋರ್‌ವೆಲ್ ನೀರು, ಬೇಳೆ ಬೇಯದಷ್ಟು ಉಪ್ಪು. ಸಂಜೆ ಜೋರು ಮಳೆ ಬಂತು. ಬೆಳಿಗ್ಗೆ ನಾನು ಹಿಂದಿನ ಮಂಚಕ್ಕೆ ಕೈಯಿಟ್ಟರೆ ಹಲಗೆ ಒದ್ದೆ. ಚಿಕ್ಕತ್ತೆ ಇಲ್ಲ, ಅಲ್ಲಿ ಯಾರೂ ಮಲಗಿಲ್ಲ, ಹಾಸಿಗೆಯೂ ಇಲ್ಲ.

"ದೊಡ್ಡತ್ತೆ, ನೀರ್ನ ಕೇಳು ಬಾ," ಎಂದೆ, ಅವಳದೇ ದನಿಯಲ್ಲಿ.

ಬಂದಳು. ಬೆರಳು ಒತ್ತಿದಳು, ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಬೆರಳು ಒತ್ತಿ ನೆಕ್ಕಿದಳು. ಆಮೇಲೆ ಸಿಂಕಿನ ನಲ್ಲಿ ತಿರುಗಿಸಿ ಅದನ್ನೂ ನೆಕ್ಕಿದಳು. ನಲ್ಲಿಯದು ಉಪ್ಪು. ಹಲಗೆಯದು ಸಪ್ಪೆ.

"ಮಳೆ ನೀರು," ಎಂದಳು, ಗೋಡೆಗೆ.

ನನ್ನನ್ನು ಮೇಲಕ್ಕೆ ಹತ್ತಿಸಿದಳು. ದೇವರ ಗೂಡಿನಿಂದ ಕುಂಕುಮದ ಡಬ್ಬಿ ತಂದು ಬಕೆಟ್ಟಿಗೆ ಸುರಿದು ಕಲಕಿ ಕೊಟ್ಟಳು. ಬಣ್ಣವಾದರೆ ಯಾವ ನೀರೆಂದು ಸುಳ್ಳು ಹೇಳುವ ಹಾಗಿಲ್ಲ. ಹಿಂದಿನಿಂದ ಮುಂದಕ್ಕೆ ಹೊಯ್ಯುತ್ತ ಬಂದೆ. ಒಳಗಿನಿಂದ ಅವಳು "ಇಲ್ಲ… ಇಲ್ಲ…" ಎನ್ನುತ್ತಿದ್ದಳು. ಬೋರ್ಡಿನ ಮುಂದೆ ಬಂದು ನಿಂತೆ. ಅವಳು ಹೊರಗೆ ಬಂದು ತಲೆಯೆತ್ತಿ ನನ್ನನ್ನೂ ನೋಡಿದಳು, ಬೋರ್ಡನ್ನೂ ನೋಡಿದಳು.

"ಕುಂಕುಮದ್ ನೀರಲ್ವಾ," ಎಂದಳು. "ಉಯ್ಯಿ."

ಹೊಯ್ದೆ. ಬಸ್ಸು ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಂತಿತ್ತು. ಕೆಳಗಿಳಿದು ಒಳಗೆ ಹೋಗುವ ಹೊತ್ತಿಗೆ, ಚಿಕ್ಕತ್ತೆಯ ಮಂಚದ ಪಕ್ಕದ ಗೋಡೆಯ ಸಂದಿನಿಂದ ಕೆಂಪು ಗೆರೆಯೊಂದು ಇಳಿದು ಹಲಗೆಯ ಮೇಲೆ ಹರಡುತ್ತಿತ್ತು. ಅವಳೇ ಡ್ರಿಲ್ ಹಿಡಿದು ಕೊರೆದ ತೂತುಗಳಿಂದ ಒಳಗೆ ಇಳಿದ ನೀರು, ತಗಡಿಗೂ ಪ್ಲೈವುಡ್ಡಿಗೂ ನಡುವಿನ ಸ್ಪಂಜಿನಲ್ಲಿ ಹಿಂದಕ್ಕೆ ಹರಿದು, ಅಲ್ಲೇ ಕೂತು, ತನಗೆ ಬೇಕಾದಾಗ ತಂಗಿಯ ಹಾಸಿಗೆಗೆ ಇಳಿಯುತ್ತಿತ್ತು.

ನಾನು ಸುಮ್ಮನಿರಬಹುದಿತ್ತು. ಬಾಡಿ ಕಟ್ಟಿದವನ ಮುಂದೆ ಅವಳು ನಿಂತಂತೆಯೇ ಸೊಂಟಕ್ಕೆ ಕೈಯಿಟ್ಟು, "ಬಸ್ ಕಟ್ಟಿದೀಯಾ, ಜರಡಿ ಕಟ್ಟಿದೀಯಾ?" ಎಂದೆ. ಅವಳು ಹೊಡೆಯುವಳೆಂದು ಕಾದೆ. ಹೊಡೆಯಲಿಲ್ಲ. ಬೋರ್ಡು ಬಿಚ್ಚಿ ಒರೆಸಿ ಒಳಗಿಟ್ಟಳು, ತೂತುಗಳಿಗೆ ಸಿಲಿಕಾನ್ ತುಂಬಿ ಸೊಟ್ಟ ಬೆರಳಿನಿಂದ ಸವರಿದಳು, ಅವತ್ತು ಊಟ ಮಾಡಲಿಲ್ಲ.

"ಫೋನ್ ಮಾಡಿ ಒಂದ್ ಮಾತು ಏಳ್ಬುಡು ದೊಡ್ಡತ್ತೆ. ತಪ್ಪಾಯ್ತು ಅಂತ."

"ಅಂಗಂದ್ರೇನ್ಲಾ?" ಎಂದಳು.

ಅವಳು ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದಲೇ ನಾನು ಚಿಕ್ಕತ್ತೆಗೆ ಕರೆ ಮಾಡಿದೆ. ಗಂಟಲು ಸರಿಮಾಡಿಕೊಂಡು, ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಮಾಡಿದೆ: "ಲೇ… ನಂದೇ ತಪ್ಪಾಯ್ತು ಕಣೆ. ಬಂದ್ಬುಡು."

ಆ ಕಡೆ ಒಗ್ಗರಣೆಯ ಸದ್ದು ನಿಂತಿತು. ಚಿಕ್ಕತ್ತೆ ಹೇಳಿದಳು: "ದನಿ ಅವ್ಳ್ದೇ. ಮಾತು ಅವ್ಳ್ದಲ್ಲ. ಇಡ್ಲಾ ಫೋನು, ಮಂಗ."

ಮಾರನೆಯ ದಿನ ದೊಡ್ಡತ್ತೆ ಬಸ್ಸನ್ನು ನಮ್ಮನೆಯ ಮುಂದೆ ತಂದು ನಿಲ್ಲಿಸಿದಳು. ಇಳಿಯಲಿಲ್ಲ, ಹಾರನ್ ಹೊಡೆದಳು. ಚಿಕ್ಕತ್ತೆ ಜಗಲಿಗೆ ಬಂದು ನಿಂತಳು.

"ಅಲ್ಗೆ ಒಣಗ್ಯದೆ. ಬಸ್ಸು ಅತ್ತು," ಎಂದಳು ದೊಡ್ಡತ್ತೆ.

"ಯಾರಿಂದ ಒದ್ದೆಯಾಗಿತ್ತು, ಏಳು. ಅತ್ತುತೀನಿ."

ನಾನು ಬಾಯಿ ಹಾಕಲು ಹೋದರೆ ಚಿಕ್ಕತ್ತೆ ಕೈಯೆತ್ತಿ ತಡೆದಳು. ದೊಡ್ಡತ್ತೆ ಒಳಗಿನಿಂದ ಆ ಬೋರ್ಡು ತೆಗೆದು ನನ್ನ ಕೈಗಿತ್ತು, ಕೊಡು ಎಂಬಂತೆ ಗದ್ದ ಆಡಿಸಿದಳು. ಕೊಟ್ಟೆ. ಚಿಕ್ಕತ್ತೆ ಬೋರ್ಡನ್ನು ನೋಡಿದಳು, ತಿರುಪಿನ ತೂತುಗಳ ಸುತ್ತಲ ತುಕ್ಕನ್ನು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. ಕಣ್ಣಿಗೊತ್ತಿಕೊಂಡು ಗೋಡೆಗೆ ಒರಗಿಸಿಟ್ಟಳು.

"ಬೋರ್ಡ್ಗೆ ಬಾಯಿಲ್ಲ ಕಣಕ್ಕ. ನಿಂಗದೆ."

ದೊಡ್ಡತ್ತೆ ಒಂದು ಕ್ಷಣ ತುಟಿ ಅಲುಗಿಸಿದಳು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ, ಕಲಿತುಕೊಳ್ಳೋಣವೆಂದು. ಆ ಮಾತು ಬರಲಿಲ್ಲ. ಗೇರು ಬಿತ್ತು, ಬಸ್ಸು ಹೊರಟಿತು. ಚಿಕ್ಕತ್ತೆ ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಆಮೇಲಿನ ಮಳೆಗಾಲ ಪೂರ್ತಿ ಬಸ್ಸು ಒಂದು ಹನಿ ಸೋರಲಿಲ್ಲ. ಹಿಂದಿನ ಮಂಚ ಖಾಲಿ. ಚಳಿಗಾಲದಲ್ಲಿ ಕೆ.ಆರ್. ಪೇಟೆ ಕಡೆ, ಗೋವಿಂದನಹಳ್ಳಿಯ ದೇವಸ್ಥಾನದ ಹತ್ತಿರ ಬಸ್ಸು ನಿಲ್ಲಿಸಿದವಳು ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಎದೆ ನಿಂತಿತ್ತು. ಮಣ್ಣು ಮಾಡಿದ ಮೇಲೆ ನಾನು ಹೋಗಿ ಬಸ್ಸನ್ನು ಮನೆಗೆ ತಂದೆ.

ಹಿಂದಿನ ಮಂಚದ ಮೇಲೆ ಹೊಸ ಹಾಸಿಗೆಯಿತ್ತು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಚಿಕ್ಕತ್ತೆ ಬಸ್ಸು ಹತ್ತಿ ಅದನ್ನು ಒತ್ತಿ ನೋಡಿ, "ಅಗ್ಗದ್ದು. ಜುಗ್ಗಿ," ಎಂದಳು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿದಳು. ನಮ್ಮನೆಯ ಅಡುಗೆಮನೆಗೆ ಅವಳು ಮತ್ತೆ ಬರಲಿಲ್ಲ; ಅಂದಿನಿಂದ ನಮ್ಮ ಸಾರು ಸಾರಲ್ಲ, ಅದಕ್ಕೆ ನಾವು ತಕ್ಕವರೇ.

ಮಲಗಿದಲ್ಲಿಂದಲೇ ನನ್ನನ್ನು ಕರೆದಳು. "ಲೋ ಮಂಗ. ಅವ್ಳಂಗೆ ಒಂದ್ಸಲ ಅನ್ನು. ತಪ್ಪಾಯ್ತು ಅಂತ."

ಯತ್ನಿಸಿದೆ. ದೊಡ್ಡತ್ತೆಯಿಂದ ಅನ್ನ ತಿಂದವನು ನಾನು, ಈಗ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವುದೂ ಅವಳ ಬೈಗುಳಗಳಿಂದಲೇ. ಆದರೆ ಆ ಒಂದು ಮಾತು ಅವಳ ದನಿಯಲ್ಲಿ ನನಗೆ ಹತ್ತಲಿಲ್ಲ. ನನ್ನ ದನಿಯೇ ಬಂತು.

"ಬುಡು," ಎಂದಳು ಚಿಕ್ಕತ್ತೆ. "ಬೈಯೋದೇ ಬೈಯಿ."

ಅದು ತಾನಾಗಿ ಬಂತು. "ಏನೇ ಮೂದೇವಿ, ಮಾರಾಣಿ ಅಂಗೆ ಮಲೀಕಂಡೆ? ನಲ್ಲಿ ನಿಲ್ಸಿದ್ಯೇನೇ?"

ಚಿಕ್ಕತ್ತೆ ಕಿಟಕಿಯ ಆಚೆ ನೋಡುತ್ತಿದ್ದಳು.

"ನಿಲ್ಸಿದೀನಿ ಕಣಕ್ಕ," ಎಂದಳು. "ಅವತ್ತೂ ನಿಲ್ಸಿದ್ದೆ."