ಮೈಕ್ರೋಸ್ಕೋಪಿಗೆ ಹಚ್ಚಿದ ಕುಂಕುಮ

ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದಾಗಿನ ಮಾತು. ಬೆಳಗಾವಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಪ್ರಾಧ್ಯಾಪಕ, ಲ್ಯಾಬಿನ ಮುಖ್ಯಸ್ಥ. ಕೈಕೆಳಗೆ ಒಬ್ಬಳೇ ಪಿಎಚ್.ಡಿ. ವಿದ್ಯಾರ್ಥಿನಿ, ವೈಶಾಲಿ. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದಳು. ಪದವಿ ಕೈಗೆ ಬಂದರೆ ಅವಳ ಊರಿನ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಬಹುತೇಕ ಗಟ್ಟಿಯಾಗಿತ್ತು.

ನಮ್ಮ ವಿಷಯ ಟಂಗ್‌ಸ್ಟನ್ ಡೈಸಲ್ಫೈಡ್ ಎಂಬ ಅರೆವಾಹಕ. ಅದರ ಹರಳಿಗೆ ಅಂಟುಟೇಪು ಹಚ್ಚಿ ಕೀಳುತ್ತ ಹೋದರೆ ಕೊನೆಗೆ ಒಂದೇ ಪದರ ಉಳಿಯುತ್ತದೆ. ಅದರ ಮೇಲೆ 532 ನ್ಯಾನೊಮೀಟರಿನ ಹಸಿರು ಲೇಸರ್ ಬಿಟ್ಟರೆ 620ರ ಆಸುಪಾಸು ಕೆಂಪಗೆ ಬೆಳಗುತ್ತದೆ. ಎರಡು ಪದರವಾದರೆ ಬೆಳಕು ತೀರಾ ಮಂಕು. ಆದರೆ ಆ ವರ್ಷ ದಸರೆಯ ಆಯುಧಪೂಜೆ ಮುಗಿದ ಮೇಲೆ ನಮ್ಮ ಎರಡು ಪದರದ ತುಣುಕು ಧಗಧಗ ಹೊಳೆಯಿತು. ಹೊಸದೇನೋ ಸಿಕ್ಕಿತೆಂದು ನಾನಂತೂ ಹಿರಿಹಿರಿ ಹಿಗ್ಗಿದೆ.

ವೈಶಾಲಿ ಹಿಗ್ಗಲಿಲ್ಲ. "ಸರ್, ಗ್ರಾಫಿನ ಶಿಖರ ಭಾಳ ಅಗಲ ಐತ್ರಿ. ಖಂಡೇ ಪೂಜಿ ಮುಂಚೆ ಇದು ಇರ್ಲಿಲ್ಲ. ಮೈಕ್ರೋಸ್ಕೋಪಿಗೆ ಕುಂಕುಮ ಹಚ್ಚೀವಲ್ರಿ, ಅದ ಉದರಿರಬೇಕು" ಎಂದಳು.

ಹಚ್ಚಿದವನು ನಾನೇ. ಪ್ರತಿ ವರ್ಷ ಲೆನ್ಸಿನ ಕುತ್ತಿಗೆಗೆ ಬೆರಳಿಂದ ಒತ್ತಿ ಹಚ್ಚುವುದು ನನ್ನ ಪದ್ಧತಿ. "ಪೂಜಿ ಕುಂಕುಮದ ಮ್ಯಾಲೆ ಹಾಕ್ತೀಯೇನವಾ? ಸುಮ್ನ ಪೇಪರ್ ಬರಿ" ಎಂದು ಗದರಿದೆ. ಬರೆದಳು. ಮೊದಲ ಹೆಸರು ಅವಳದು, ಕೊನೆಯದು ನನ್ನದು.

ಪೇಪರ್ ಪ್ರಕಟವಾದ ಕೆಲವೇ ತಿಂಗಳಿಗೆ, ತಮಗೆ ಆ ಬೆಳಕು ಕಾಣುತ್ತಿಲ್ಲವೆಂದು ಬೇರೆ ಲ್ಯಾಬಿನವರು ಬರೆದರು. ವಿಚಾರಣಾ ಸಮಿತಿ ನೇಮಕವಾಯಿತು. ಸಭೆಯ ಹಿಂದಿನ ದಿನ ವೈಶಾಲಿ ಖಾಲಿ ಗಾಜಿನ ಮೇಲೆ ಅದೇ ಕುಂಕುಮದ ಚಿಟಿಕೆ ಇಟ್ಟು ಅಳೆದು ತಂದಳು. ಅದೇ ಶಿಖರ, ಅಷ್ಟೇ ಅಗಲ. ಪೇಟೆಯ ಕುಂಕುಮಕ್ಕೆ ಬೆರೆಸುವ ಬಣ್ಣವೂ ಹಸಿರು ಲೇಸರಿಗೆ ಕೆಂಪಗೆ ಹೊಳೆಯುತ್ತಿತ್ತು. "ನೀ ಏನೂ ಮಾತಾಡಬ್ಯಾಡ, ನಾನ ಎಲ್ಲಾ ಹೇಳ್ತೀನಿ" ಎಂದು ಗ್ರಾಫನ್ನು ಇಸಿದುಕೊಂಡೆ.

ಮರುದಿನ ಸಮಿತಿಯವರು ಕೇಳಿದಾಗ ನಾನು ಹೇಳಿದ್ದು ಇಷ್ಟೇ: "ಸ್ಯಾಂಪಲ್ ಎಲ್ಲಾ ಆಕೀನ ತಯಾರ ಮಾಡಿದ್ದು. ಏನ್ ಹೊಲಸು ಬಿತ್ತೋ ನನಗ ಗೊತ್ತಿಲ್ರಿ." ಗ್ರಾಫು ನನ್ನ ಕೋಟಿನ ಜೇಬಿನಲ್ಲೇ ಇತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಹೊರಗೆ ಬಂದಾಗ ಅವಳು ಅಳಲಿಲ್ಲ. "ನೀವು ಹೇಳ್ತೀರಂತ ಬಾಯಿ ಮುಚ್ಚಿ ಕುಂತಿದ್ನಿರಿ ಸರ್" ಎಂದಳು, ಅಷ್ಟೇ. ಪೇಪರ್ ವಾಪಸಾಯಿತು, ಅವಳ ನೋಂದಣಿ ರದ್ದಾಯಿತು. ಗೈಡ್ ವಿರುದ್ಧ ವಿದ್ಯಾರ್ಥಿನಿಯ ಮಾತನ್ನು ಯಾರು ಕೇಳುತ್ತಾರೆ? ನನಗೆ ಮಾತ್ರ ಶಾಲು, ಹಾರ, ಬೀಳ್ಕೊಡುಗೆ ಎಲ್ಲ ಸಾಂಗವಾಗಿ ನಡೆಯಿತು.

ಕಳೆದ ವರ್ಷ ಖಾನಾಪುರಕ್ಕೆ ಹೋದೆ. ವೈಶಾಲಿ ಈಗ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ. "ಬರ್ರಿ ಸರ್, ಕುಂದರ್ರಿ" ಎಂದು ಚಹಾ ಕೊಟ್ಟಳು. ತಪ್ಪಾಯಿತೆಂದೆ.

"ಅದನ್ನ ನನ್ನ ಮನ್ಯಾಗ ಹೇಳಿದ್ರ ಏನ್ ಬಂತ್ರಿ? ಕಾಲೇಜಿಗೆ ಬರದು ಕೊಡ್ರಿ."

ಮಾಡಿದ ತಪ್ಪನ್ನು ಅದು ಯಾರನ್ನು ಮುಳುಗಿಸುತ್ತಿದೆಯೋ ಅವರ ಎದುರಲ್ಲಿ, ವಿಚಾರಣೆ ನಡೆಸುವವರ ಮುಂದೆಯೇ ಹೇಳಬೇಕು. ಮೂವತ್ತು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದೊಂದೇ. ಕಾಲೇಜಿಗೆ ಕೊಡಬೇಕಾದ ಪತ್ರ ಒಂದೇ ಪುಟದ್ದು. ಬರೆದು ಎಂಟು ತಿಂಗಳಾಯಿತು. ಇನ್ನೂ ಸಹಿ ಹಾಕಿಲ್ಲ.